ತಾರಸಿಯ ಬಿಸಿಲಲ್ಲಿ ಎರಡು ಕಾಕಟೀಲ್‌ಗಳು

ಗಾಜಿನ ಕಿಟಕಿಯ ಪಕ್ಕ ಪಂಜರ ಇಟ್ಟರೆ ಹಕ್ಕಿಗೆ ಬಿಸಿಲು ಸಿಕ್ಕಿತು ಎಂದು ನಂಬಿರುವವರು ಬಹಳ. ಬೆಳಕು ಸಿಗುತ್ತದೆ, ಶಾಖವೂ ಸಿಗುತ್ತದೆ. ಆದರೆ ದೇಹದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕಾದ ಯುವಿ-ಬಿ ಕಿರಣಗಳನ್ನು ಸಾಮಾನ್ಯ ಗಾಜು ಬಹುಪಾಲು ತಡೆದುಬಿಡುತ್ತದೆ. ಡಿ3 ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬರೀ ಕಾಳು ತಿಂದುಕೊಂಡಿರುವ ಹೆಣ್ಣು ಹಕ್ಕಿ ಮೊಟ್ಟೆ ಇಡಲಾಗದೆ ಒದ್ದಾಡುವುದಕ್ಕೆ ಇದೂ ಒಂದು ಕಾರಣ. ಮೈಸೂರಿನ ನಮ್ಮ ಮನೆಯ ಎರಡು ಕಾಕಟೀಲ್‌ಗಳನ್ನು (ಜುಟ್ಟಿರುವ ಪುಟ್ಟ ಗಿಳಿ ಜಾತಿಯ ಹಕ್ಕಿಗಳಿವು), ಬೂದು ಬಣ್ಣದ ಮೋಡ ಮತ್ತು ತಿಳಿ ಹಳದಿಯ ಬೆಣ್ಣೆಯನ್ನು, ತಾರಸಿಗೆ ಒಯ್ಯಲು ಶುರು ಮಾಡಿದ್ದು ಈ ಕಾರಣಕ್ಕೇ. ಬಿಸಿಲು ಅರ್ಧ ಲಾಭ ಮಾತ್ರ ಎಂಬುದು ಆಮೇಲೆ ತಿಳಿಯಿತು. ಗಾಳಿ, ದೂರದ ಸದ್ದು, ಎಲೆಗಳ ಅಲುಗಾಟ, ಬೇರೆ ಹಕ್ಕಿಗಳ ಕೂಗು ಸೇರಿ ಅವುಗಳ ಮನಸ್ಸಿಗೆ ಕೊಡುವಷ್ಟು ಕೆಲಸವನ್ನು ಪಂಜರದೊಳಗಿನ ಯಾವ ಆಟಿಕೆಯೂ ಕೊಡುವುದಿಲ್ಲ.

ಪಂಜರದ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಮೇಲಕ್ಕೆತ್ತಿ ತೆರೆಯುವ ಬಾಗಿಲನ್ನು ಕಾಕಟೀಲ್ ಕೊಕ್ಕಿನಿಂದಲೇ ಎತ್ತಬಲ್ಲದು. ಆದ್ದರಿಂದ ಊಟದ ಬಟ್ಟಲಿನ ಕಿಂಡಿಗಳೂ ಸೇರಿದಂತೆ ಎಲ್ಲ ಬಾಗಿಲಿಗೂ ಕೀಲಿ ಗೊಂಚಲಿನ ಸ್ಪ್ರಿಂಗ್ ಕೊಂಡಿ ಹಾಕುತ್ತೇನೆ. ಹಿಡಿಕೆ ಹಿಡಿದು ಎತ್ತಿದಾಗ ಕೆಲವು ಪಂಜರಗಳ ತಳದ ತಟ್ಟೆ ಕಳಚಿಕೊಳ್ಳುತ್ತದೆ. ಮೆಟ್ಟಿಲ ಮೇಲೆ ಹಾಗಾದರೆ ಹಕ್ಕಿ ಮತ್ತೆ ಸಿಗುವುದಿಲ್ಲ. ಹಾಗಾಗಿ ತಳವನ್ನು ನಾಲ್ಕೂ ಮೂಲೆಯಲ್ಲಿ ಕೇಬಲ್ ಟೈನಿಂದ ಬಿಗಿದು, ತಳಕ್ಕೆ ಕೈಕೊಟ್ಟೇ ಒಯ್ಯುತ್ತೇನೆ. ತಾರಸಿಯಲ್ಲಿ ಪಂಜರಕ್ಕೆ ಗೋಡೆಯ ಆಸರೆ ಬೇಕು. ಮೇಲ್ಭಾಗ ಮತ್ತು ಒಂದು ಪಕ್ಕಕ್ಕೆ ದಪ್ಪ ಹತ್ತಿ ಬಟ್ಟೆ ಹೊದಿಸುತ್ತೇನೆ. ಅದು ನೆರಳಿಗೂ ಆಯಿತು, ಹೆದರಿದಾಗ ಅಡಗಿಕೊಳ್ಳುವುದಕ್ಕೂ ಆಯಿತು, ಪಾರಿವಾಳಗಳ ಹಿಕ್ಕೆ ಒಳಗೆ ಬೀಳದಂತೆ ತಡೆಯುವುದಕ್ಕೂ ಆಯಿತು. ಕಾಡುಹಕ್ಕಿಗಳ ಹಿಕ್ಕೆಯಿಂದ ರೋಗ ಹರಡುತ್ತದೆ, ಇದನ್ನು ಹಗುರವಾಗಿ ನೋಡಬಾರದು.

ಒಮ್ಮೆಲೇ ಆಕಾಶದ ಕೆಳಗೆ ಇಡಬೇಡಿ. ಮನೆಯೊಳಗೇ ಬೆಳೆದ ಹಕ್ಕಿಗೆ ಆಕಾಶವೇ ದೊಡ್ಡ ಭಯ. ನಾನು ಮೊದಲು ತಾರಸಿಯ ಬಾಗಿಲಿನ ಒಳಗಡೆ, ಆಮೇಲೆ ಹೊಸ್ತಿಲ ಬಳಿ, ಆಮೇಲೆ ಹೊರಗೆ ಎಂದು ಸ್ವಲ್ಪ ಸ್ವಲ್ಪವೇ ಸರಿಸಿದೆ. ಸರಿಸಬಹುದೇ ಇಲ್ಲವೇ ಎಂಬುದನ್ನು ಅವುಗಳ ಜುಟ್ಟೇ ಹೇಳುತ್ತಿತ್ತು. ಜುಟ್ಟು ನೆಟ್ಟಗೆ ನಿಂತು ಮೈಯೆಲ್ಲ ಸಪೂರವಾದರೆ ಗಾಬರಿ. ತಲೆಗೆ ಅಂಟಿಕೊಂಡು ಬಾಯಿಂದ ಬುಸುಗುಟ್ಟಿದರೆ ಭಯ ಸಿಟ್ಟಿಗೆ ತಿರುಗಿದೆ ಎಂದರ್ಥ. ಅರ್ಧ ಇಳಿದು, ಒಂದು ಕಾಲು ಮೇಲೆತ್ತಿ, ಕೊಕ್ಕನ್ನು ಮೆಲ್ಲಗೆ ಮಸೆಯತೊಡಗಿದರೆ ನೆಮ್ಮದಿ. ಮೋಡ ಬೇಗ ಒಗ್ಗಿಕೊಂಡಿತು. ಬೆಣ್ಣೆ ಲುಟಿನೋ, ಅಂದರೆ ಬೂದು ಬಣ್ಣವಿಲ್ಲದ ಹಳದಿ ಬಗೆ, ಬೇಗ ಬೆಚ್ಚುವ ಸ್ವಭಾವ. ಅದಕ್ಕೆ ಹೊಸ್ತಿಲ ಬಳಿಯೇ ಬಹಳ ಕಾಲ ಬೇಕಾಯಿತು. ನಾನು ಆತುರಪಡಲಿಲ್ಲ.

ಹೊರಗಿರುವ ಹೊತ್ತೆಲ್ಲ ನಾನು ಪಂಜರದ ಪಕ್ಕದಲ್ಲೇ ಕೂರುತ್ತೇನೆ, ಮೊಬೈಲ್ ಕೆಳಗಿನ ಮನೆಯಲ್ಲಿರುತ್ತದೆ. ಹಕ್ಕಿಗಳು ಒಂದು ಕಣ್ಣನ್ನು ಮೇಲಕ್ಕೆ ಹೊರಳಿಸಿ ತಲೆ ಓರೆ ಮಾಡಿದವೆಂದರೆ ಮೇಲೆ ಏನೋ ಇದೆ. ನನಗೆ ಕಾಣುವ ಮೊದಲೇ ಅವು ಹದ್ದನ್ನು ಕಂಡಿರುತ್ತವೆ. ನಮ್ಮ ಬೀದಿಯ ಮೇಲೆ ಹದ್ದುಗಳು ದಿನವೂ ಸುತ್ತುತ್ತವೆ; ಅವು ಎತ್ತರದಲ್ಲಿದ್ದಷ್ಟು ಹೊತ್ತು ಭಯವಿಲ್ಲ. ನಾನು ಹೆಚ್ಚು ಅಂಜುವುದು ಶಿಕ್ರಾಕ್ಕೆ. ಪಾರಿವಾಳದ ಗಾತ್ರದ ಈ ಬೇಟೆಹಕ್ಕಿ ಮರಗಳ ನಡುವಿನಿಂದ ಸದ್ದಿಲ್ಲದೆ ನುಗ್ಗುತ್ತದೆ. ಅಳಿಲುಗಳು ಒಂದೇ ಸಮನೆ ಚಿಟಗುಟ್ಟಿದರೆ, ಕಾಗೆಗಳು ಗುಂಪುಗೂಡಿ ಅರಚಿದರೆ ನಾನು ತಕ್ಷಣ ಬಟ್ಟೆ ಪೂರ್ತಿ ಇಳಿಸುತ್ತೇನೆ. ಸರಳುಗಳಿವೆಯಲ್ಲ ಎಂಬ ಧೈರ್ಯ ಸಾಲದು. ಬೆದರಿದ ಹಕ್ಕಿ ಒಳಗೇ ಬಡಿದಾಡಿ, ಬೆಳೆಯುತ್ತಿರುವ ಗರಿ ಮುರಿದುಕೊಂಡರೆ ರಕ್ತ ಸುರಿಯುತ್ತದೆ. ಬೆಕ್ಕಿನ ವಿಷಯ ಹೇಳಬೇಕಾಗಿಯೇ ಇಲ್ಲ.

ರೆಕ್ಕೆ ಕತ್ತರಿಸಿದ್ದೇವೆ, ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೋಗುತ್ತೇವೆ ಎನ್ನುವವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಕಾಕಟೀಲ್ ಆಸ್ಟ್ರೇಲಿಯಾದ ಒಣ ಬಯಲುಗಳಲ್ಲಿ ನೀರು, ಕಾಳು ಹುಡುಕುತ್ತ ದೂರ ದೂರ ಅಲೆಯುವ ಹಕ್ಕಿ. ಕತ್ತರಿಸಿದ ಗರಿಗಳ ಜಾಗದಲ್ಲಿ ಒಂದೆರಡು ಹೊಸವು ಬಂದು, ಒಂದು ಬೀಸು ಗಾಳಿ ಸಿಕ್ಕರೂ ಅದು ಎದ್ದು ಹೋಗಬಲ್ಲದು. ಮನೆಯಲ್ಲಿ ಬೆಳೆದ ಹಕ್ಕಿಗೆ ಎತ್ತರದ ಮರದಿಂದ ಕೆಳಗಿಳಿಯುವ ಅಭ್ಯಾಸವೂ ಇರುವುದಿಲ್ಲ. ಕಾಲಿಗೆ ಸರಪಳಿ ಕಟ್ಟುವುದಂತೂ ಕ್ರೌರ್ಯ, ಬೆಚ್ಚಿ ಹಾರಿದರೆ ಕಾಲು ಮುರಿಯುತ್ತದೆ. ಎದೆ ಮತ್ತು ರೆಕ್ಕೆ ಬಳಸಿ ಕಟ್ಟುವ ಹಾರ್ನೆಸ್ ಬೇರೆ ಮಾತು. ಮೋಡನಿಗೆ ಅದನ್ನು ಮನೆಯೊಳಗೇ ನಿಧಾನವಾಗಿ ರೂಢಿ ಮಾಡಿಸಿದ್ದೇನೆ. ಬೆಣ್ಣೆ ಅದನ್ನು ಮುಟ್ಟಲೂ ಬಿಡುವುದಿಲ್ಲ, ನಾನು ಬಲವಂತ ಮಾಡುವುದಿಲ್ಲ.

ಹೊತ್ತು ಬೆಳಗಿನದೇ ಒಳ್ಳೆಯದು. ಹಕ್ಕಿಗಳಿಗೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಸೆಕೆ ಮಿತಿ ಮೀರಿದೆ ಎಂದೇ ಲೆಕ್ಕ. ಏಪ್ರಿಲ್‌ನಲ್ಲಿ ಎಂಟು ಗಂಟೆಯೊಳಗೆ ಒಳಗೆ ತರುತ್ತೇನೆ. ಆಷಾಢದ ಗಾಳಿ, ದೀಪಾವಳಿಯ ಪಟಾಕಿ, ಸೊಳ್ಳೆಗೆ ಹೊಗೆ ಹೊಡೆಯುವ ದಿನ, ಪಕ್ಕದ ತೋಟದವರು ಔಷಧ ಸಿಂಪಡಿಸುವ ದಿನ, ಇವೆಲ್ಲಕ್ಕೂ ರಜೆ.

ತಿನ್ನುವುದಕ್ಕೆ ನನ್ನ ಮೆಚ್ಚಿನದು ನವಣೆ. ಅಂಗಡಿಗಳಲ್ಲಿ ಮಿಲ್ಲೆಟ್ ಸ್ಪ್ರೇ ಎಂದು ಪ್ಯಾಕೆಟ್ ಮಾಡಿ ದುಬಾರಿಗೆ ಮಾರುವುದು ನಮ್ಮ ನವಣೆ ತೆನೆಯನ್ನೇ. ಕುಂಡದಲ್ಲಿ ಒಂದು ಹಿಡಿ ಚೆಲ್ಲಿದರೆ ಬೆಳೆಯುತ್ತದೆ. ಹಾಲು ತುಂಬಿದ ಹಸಿ ತೆನೆಯನ್ನು ಸರಳಿಗೆ ಸಿಕ್ಕಿಸಿದರೆ ಎರಡೂ ತಲೆಕೆಳಗಾಗಿ ನೇತಾಡಿ ಬಿಡಿಸಿಕೊಂಡು ತಿನ್ನುತ್ತವೆ. ಕೂರಲು ಸೀಬೆ ಕೊಂಬೆ, ಕಡಿಯಲು ನುಗ್ಗೆ ಸೊಪ್ಪು ಮತ್ತು ದಾಸವಾಳ. ಕಣಗಿಲೆ ವಿಷ, ಅದು ತಾರಸಿಯಲ್ಲಿ ಇರಲೇಬಾರದು.

ಸಂಜೆಯ ಗಿಳಿಗಳ ಹಿಂಡು ಕಿರುಚುತ್ತ ಹಾದುಹೋದಾಗ ಇವೂ ಉತ್ತರ ಕೊಡುತ್ತವೆ. ಅದನ್ನು ಕೇಳಿದ ಪಕ್ಕದ ಮನೆಯ ಹುಡುಗ, “ಆಂಟಿ, ಆ ಹಸಿರು ಗಿಳಿಯನ್ನೂ ತನ್ನಿ” ಎಂದ. ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ಅವನಿಗೆ ವಿವರಿಸಿದೆ. ಈಗ ಅವನು ಹಿಂಡು ಬರುವ ಹೊತ್ತಿಗೆ ತಾರಸಿ ಹತ್ತಿ ಎಣಿಸುತ್ತಾನೆ.

ಮುಂದಿನ ಯೋಜನೆ, ತಾರಸಿಯ ಮೂಲೆಯಲ್ಲಿ ರೆಕ್ಕೆ ಬೀಸಿ ಹಾರುವಷ್ಟು ದೊಡ್ಡ ಜಾಲರಿ ಗೂಡು. ಕಲಾಯಿ ಮಾಡಿದ ತಂತಿಯನ್ನು ಕಚ್ಚಿ ಕಚ್ಚಿ ಸತು ಹೊಟ್ಟೆಗೆ ಹೋದರೆ ಹಕ್ಕಿಗೆ ವಿಷವಾಗುತ್ತದೆ, ಆದ್ದರಿಂದ ಖರ್ಚಾದರೂ ಸ್ಟೀಲಿನದೇ ಆಗಬೇಕು. ಇಲಿ ನುಗ್ಗದಂತೆ ಅರ್ಧ ಇಂಚಿನ ಕಣ್ಣು. “ಇಷ್ಟು ಗೂಡಿಗೆ ಎರಡು ಬಾಗಿಲು ಯಾಕೆ ಮೇಡಂ?” ಎಂದು ವೆಲ್ಡಿಂಗ್‌ನವರು ಕೇಳಿದರು. ಮೊದಲ ಬಾಗಿಲು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು, ಆಗ ಹಕ್ಕಿ ತಪ್ಪಿಸಿಕೊಂಡರೂ ನಡುವಿನ ಜಾಗದಲ್ಲೇ ಉಳಿಯುತ್ತದೆ ಎಂದೆ. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಎರಡಕ್ಕೂ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕೋಣ ಎಂದರು. ಅಳತೆ ಕೊಟ್ಟು ಬಂದಿದ್ದೇನೆ.