ತಾರೀಖು ದಾಟಿದರೆ ಎಸೆಯಬೇಕಾ? ಲೇಬಲ್ ಓದುವುದು, ಆಹಾರ ಕೆಡದಂತೆ ಇಡುವುದು ಹೇಗೆ

ಬೆಸ್ಟ್ ಬಿಫೋರ್ ದಾಟಿ ನಾಲ್ಕು ದಿನ ಆಯಿತು ಅಂತ ಒಡೆಯದ ರವೆ ಪ್ಯಾಕೆಟ್ ಕಸದ ಬುಟ್ಟಿ ಸೇರುತ್ತದೆ. ಅದೇ ಮನೆಯಲ್ಲಿ ರಾತ್ರಿ ಮಿಕ್ಕ ಅನ್ನ ಬೆಳಗಿನವರೆಗೂ ಅಡುಗೆ ಕಟ್ಟೆ ಮೇಲೇ ಇದ್ದು, ಚಿತ್ರಾನ್ನವಾಗಿ ಮಕ್ಕಳ ಡಬ್ಬಿಗೆ ಹೋಗುತ್ತದೆ. ಇವೆರಡರಲ್ಲಿ ಹೊಟ್ಟೆ ಕೆಡಿಸುವ ಸಾಧ್ಯತೆ ಜಾಸ್ತಿ ಇರುವುದು ಆ ಚಿತ್ರಾನ್ನಕ್ಕೇ. ಎಸೆಯಬಾರದ್ದನ್ನು ಎಸೆಯುತ್ತೇವೆ, ತಿನ್ನಬಾರದ್ದನ್ನು ತಿನ್ನುತ್ತೇವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ವರ್ಷಕ್ಕೆ ತಲಾ 55 ಕೆ.ಜಿ. ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಇದು, ಆದರೂ ಕಡಿಮೆಯೇನಲ್ಲ ಅಲ್ವಾ?

ಮೊದಲು ತಾರೀಖು ಓದಿ

ಪ್ಯಾಕೆಟ್ ಮೇಲೆ ಎಂಎಫ್‌ಡಿ ಅಂತಿದ್ದರೆ ತಯಾರಾದ ದಿನ, ಪಿಕೆಡಿ ಅಂತಿದ್ದರೆ ಪ್ಯಾಕ್ ಆದ ದಿನ. ಇವೆರಡೂ ಎಸೆಯುವುದಕ್ಕೆ ಸಂಬಂಧಪಟ್ಟವಲ್ಲ. ನೋಡಬೇಕಾದ್ದು ಎಕ್ಸ್‌ಪೈರಿ ಅಥವಾ ಯೂಸ್ ಬೈ. ಈ ದಿನದ ನಂತರ ಆ ವಸ್ತುವಿನ ಗುಣಮಟ್ಟಕ್ಕೂ ಸುರಕ್ಷತೆಗೂ ಭರವಸೆ ಇಲ್ಲ, ಅಂಗಡಿಯವರು ಮಾರುವಂತಿಲ್ಲ, ನೀವೂ ತಿನ್ನಬೇಡಿ. ಹಾಲು, ಪನೀರ್, ಮಾಂಸದಂಥವುಗಳಲ್ಲಂತೂ ರಾಜಿಯೇ ಬೇಡ.

ಬೆಸ್ಟ್ ಬಿಫೋರ್ ಬೇರೆ. ಅಲ್ಲಿಯವರೆಗೆ ರುಚಿ, ಗರಿಗರಿ, ಪರಿಮಳ ಚೆನ್ನಾಗಿರುತ್ತದೆ ಅನ್ನುವುದಷ್ಟೇ ಕಂಪನಿಯ ಮಾತು. ಸರಿಯಾಗಿ ಇಟ್ಟಿದ್ದರೆ ಆಮೇಲೂ ತಿನ್ನಲು ಯೋಗ್ಯ ಇರಬಹುದು. ಪ್ಯಾಕೆಟ್ ಊದಿಲ್ಲ, ಹುಳ ಇಲ್ಲ, ಬೂಷ್ಟು ಇಲ್ಲ, ಕಮಟು ವಾಸನೆ ಇಲ್ಲ ಅಂದರೆ ರವೆ, ಬಿಸ್ಕತ್ತು, ಶಾವಿಗೆ ಬಳಸಿ. ಆಹಾರ ಸುರಕ್ಷತೆ ಪ್ರಾಧಿಕಾರ ಅಂದರೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ಕಡ್ಡಾಯ, ಬೆಸ್ಟ್ ಬಿಫೋರ್ ಐಚ್ಛಿಕ. ಒಂದೇ ಪ್ಯಾಕೆಟ್ಟಿನಲ್ಲಿ ಎರಡೂ ಇದ್ದರೆ ಎಕ್ಸ್‌ಪೈರಿಯೇ ಗಡಿ. ಬರೀ ತಿಂಗಳು, ವರ್ಷ ಇದ್ದರೆ ಗಾಬರಿ ಬೇಡ, ಮೂರು ತಿಂಗಳಿಗಿಂತ ಹೆಚ್ಚು ಬಾಳುವ ಪದಾರ್ಥಕ್ಕೆ ಹಾಗೆ ಹಾಕಬಹುದು. ಬಿಡಿಯಾಗಿ ಮಾರುವ ಸಿಹಿತಿಂಡಿಯ ಟ್ರೇ ಮುಂದೂ ಬೆಸ್ಟ್ ಬಿಫೋರ್ ಹಾಕಬೇಕೆಂಬ ಆದೇಶ 2020ರ ಅಕ್ಟೋಬರ್ 1ರಿಂದ ಇದೆ. ಕಾಣದಿದ್ದರೆ ಕೇಳಿ. ಅವಧಿ ಮುಗಿದ ಸರಕನ್ನು ಯಾರಾದರೂ ಮಾರಿದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ತಾರೀಖಿನ ಪಕ್ಕದ ಸಣ್ಣಕ್ಷರ

ಆ ತಾರೀಖು ಒಡೆಯದ ಪ್ಯಾಕೆಟ್ಟಿಗೆ ಮಾತ್ರ, ಅದೂ ಲೇಬಲ್ ಹೇಳಿದ ಹಾಗೆ ಇಟ್ಟಿದ್ದರೆ. ನಂದಿನಿ ಗುಡ್‌ಲೈಫ್ ಥರದ ಯುಎಚ್‌ಟಿ ಹಾಲು, ಅಂದರೆ ತೀರಾ ಹೆಚ್ಚು ಶಾಖದಲ್ಲಿ ಕಾಯಿಸಿ ಪ್ಯಾಕ್ ಮಾಡಿದ ಹಾಲು, ಮುಚ್ಚಿದ್ದಾಗ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಒಂದು ಸಲ ಕತ್ತರಿಸಿದಿರೋ, ಅದೂ ಮಾಮೂಲಿ ಹಾಲೇ. ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಬೆಣ್ಣೆ, ಸಾಸ್, ತೆಂಗಿನ ಹಾಲು, ಏನೇ ಒಡೆದರೂ ಡಬ್ಬಿಯ ಮೇಲೆ ಒಂದು ಚೂರು ಟೇಪ್ ಅಂಟಿಸಿ ಒಡೆದ ದಿನ ಬರೆದುಬಿಡಿ.

ಅನ್ನದ ವಿಷಯದಲ್ಲಿ ಜೋಪಾನ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮಲ್ಲಿ ಅನ್ನ ಮಿಗದ ಮನೆ ಇಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಬೇಯಿಸಿದರೂ ಇವು ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಚಿಗುರಿ, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಅನ್ನ ಹಳಸಿದ ವಾಸನೆ ಬರಲೇಬೇಕು ಅಂತಲೂ ಇಲ್ಲ. ಹಾಗಾಗಿ ಎಷ್ಟೇ ಘಮಘಮ ಒಗ್ಗರಣೆ ಹಾಕಿದರೂ ಪ್ರಯೋಜನವಿಲ್ಲ.

ಮಾಡಬೇಕಾದ್ದು ಸುಲಭ. ಊಟ ಮುಗಿದ ಕೂಡಲೇ ಮಿಕ್ಕ ಅನ್ನವನ್ನು ಕುಕ್ಕರಿನಿಂದ ತೆಗೆದು ಅಗಲದ ತಟ್ಟೆಯಲ್ಲಿ ಹರಡಿ. ಬಿಸಿ ಆರಿದ ತಕ್ಷಣ, ಒಂದು ಗಂಟೆಯೊಳಗೇ ಆದರೆ ಒಳ್ಳೆಯದು, ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ. ಮರುದಿನವೇ ಮುಗಿಸಿ, ಒಂದೇ ಸಲ ಹೊಗೆಯಾಡುವಷ್ಟು ಬಿಸಿ ಮಾಡಿ. ಸಾಂಬಾರು, ಪಲ್ಯಕ್ಕೂ ಇದೇ ಕ್ರಮ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ನಮ್ಮ ಬೇಸಿಗೆಯ ಅಡುಗೆಮನೆ ಅದರ ನಟ್ಟನಡುವೆ ಇದೆ. ದೊಡ್ಡ ಪಾತ್ರೆಯ ಹುಳಿಯನ್ನು ಹಾಗೇ ಇಟ್ಟರೆ ನಡುಭಾಗ ತಣಿಯಲು ತುಂಬಾ ಹೊತ್ತು ಬೇಕು, ಸಣ್ಣ ಡಬ್ಬಿಗಳಿಗೆ ಹಂಚಿ. ಬೇಕಾದಷ್ಟನ್ನೇ ಹೊರತೆಗೆದು ಕುದಿಸಿ. ಇಡೀ ಪಾತ್ರೆಯನ್ನು ದಿನಾ ಕುದಿಸಿ ಮತ್ತೆ ಒಳಗಿಡುವ ಅಭ್ಯಾಸ ಬಿಡಿ.

ಫ್ರಿಜ್ ಒಳಗೆ

ಬಾಗಿಲಿನ ಕಪಾಟು ಇಡೀ ಫ್ರಿಜ್‌ನಲ್ಲೇ ಬೆಚ್ಚಗಿನ ಜಾಗ, ಆದರೆ ನಾವು ಹಾಲಿಡುವುದು ಅಲ್ಲೇ! ಹಾಲನ್ನು ಒಳಗಿನ ಕಪಾಟಿಗೆ ಸರಿಸಿ, ಬಾಗಿಲಿಗೆ ಉಪ್ಪಿನಕಾಯಿ, ಸಾಸ್ ಇಡಿ. ಹಸಿ ಮೀನು, ಕೋಳಿ ಮುಚ್ಚಿದ ಡಬ್ಬಿಯಲ್ಲಿ ಕೆಳಗಿರಲಿ, ರಸ ತೊಟ್ಟಿಕ್ಕಿ ಬೇರೆಯದರ ಮೇಲೆ ಬೀಳಬಾರದು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ.

ಡಬ್ಬಿ ಸಾಮಾನು

ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ ಡಬ್ಬಿಗೆ ತುಂಬಿದರೆ ಹುಳದ ಕಾಟ ಕಡಿಮೆ. ರಾಗಿ ಹಿಟ್ಟನ್ನು ಆರು ತಿಂಗಳಿಗಾಗುವಷ್ಟು ಬೀಸಿಸಬೇಡಿ, ರಾಗಿ ಕಾಳಾಗಿಯೇ ಇರಲಿ, ಬೇಕಾದಾಗ ಮಿಲ್ಲಿಗೆ ಒಯ್ಯಿರಿ. ಹಳೇ ಡಬ್ಬಿಯ ತಳದಲ್ಲಿ ಉಳಿದದ್ದರ ಮೇಲೆ ಹೊಸದು ಸುರಿಯುವುದೂ ಬೇಡ. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಬುಟ್ಟಿಯಲ್ಲಿರಲಿ. ಆಲೂಗಡ್ಡೆಗೆ ಬೆಳಕು ಬೀಳಬಾರದು, ಹಸಿರಾದ ಭಾಗ ಕಹಿ, ವಿಷಕಾರಿ.

ಬೂಷ್ಟು ಹಿಡಿದ ಕಡಲೆಕಾಯಿ ಬೀಜ, ಕೊಬ್ಬರಿಯಲ್ಲಿ ಒಳ್ಳೆಯದನ್ನು ಆರಿಸಿ ಚಟ್ನಿಗೆ ಹಾಕುವುದು ಬಹಳ ಕಡೆ ಉಂಟು. ದಯವಿಟ್ಟು ಬೇಡ. ಅದರಲ್ಲಿ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೆ ಪೂರ್ತಿ ಹೋಗುವುದಿಲ್ಲ. ಬ್ರೆಡ್ಡಿನಲ್ಲೂ ಅಷ್ಟೇ, ಒಂದು ಸ್ಲೈಸ್ ಮೇಲೆ ಬೂಷ್ಟು ಕಂಡರೆ ಇಡೀ ಪ್ಯಾಕೆಟ್ ಹೋಗಲಿ.

ಮಿಗದ ಹಾಗೆ

ಸಂತೆಗೆ ಹೊರಡುವ ಮುಂಚೆ ಫ್ರಿಜ್ ಫೋಟೋ ತೆಗೆದುಕೊಳ್ಳಿ, ಅರ್ಧ ಕಟ್ಟು ಕೊತ್ತಂಬರಿ ಒಳಗಿರುವಾಗ ಇನ್ನೊಂದು ಬರುವುದಿಲ್ಲ. ಬೇಗ ಮುಗಿಸಬೇಕಾದ್ದೆಲ್ಲ ಎದುರಿಗೇ ಕಾಣುವಂತೆ ಒಂದು ಟ್ರೇಯಲ್ಲಿಡಿ, ವಾರದಲ್ಲಿ ಒಂದು ದಿನದ ಅಡುಗೆ ಅದರಿಂದಲೇ ಆಗಲಿ. ಬಾಡಿದ ತರಕಾರಿ ಸಾಗುವಿಗೆ ಬರುತ್ತದೆ. ದೋಸೆ ಹಿಟ್ಟು ಹುಳಿ ಬಂದಿದ್ದರೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಮಾಡಿ, ಹುಳಿ ಬಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಹಿಟ್ಟಿನ ಮೇಲೆ ಗುಲಾಬಿ, ಕಿತ್ತಳೆ ಅಥವಾ ಕಪ್ಪು ಚುಕ್ಕೆ ಎದ್ದಿದ್ದರೆ ಮಾತ್ರ ಪೂರ್ತಿ ಚೆಲ್ಲಿ, ಪಾತ್ರೆಯನ್ನು ಸೋಪು, ಬಿಸಿ ನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆದು ಒಣಗಿಸಿಯೇ ಮುಂದಿನ ಹಿಟ್ಟು ಹಾಕಿ.