ವಿಮಾನ ಕಂಪನಿ ಷೇರು ತಗೊಳ್ಳೋ ಮುಂಚೆ

ಇಂಡಿಗೋ ತಗೋಬಹುದಾ ಅಂತ ಕೇಳೋರಿಗೆ: ವಿಮಾನ ತುಂಬಿ ಹೋಗ್ತಿದೆ ಅನ್ನೋದನ್ನೇ ನಂಬ್ಕೊಂಡು ದುಡ್ಡು ಹಾಕಬೇಡಿ. ನೂರರಲ್ಲಿ 85 ಸೀಟು ತುಂಬಿದ್ರೂ ನಷ್ಟ ಆಗಬಹುದು. ತ್ರೈಮಾಸಿಕ ವರದಿಯಲ್ಲಿ ರಾಸ್ಕ್, ಕಾಸ್ಕ್ ಅಂತಿರತ್ತೆ, ಅಂದ್ರೆ ಒಂದು ಸೀಟನ್ನು ಒಂದು ಕಿಲೋಮೀಟರ್ ಹಾರಿಸಿದ್ರೆ ಬರೋ ಆದಾಯ ಮತ್ತು ಆಗೋ ಖರ್ಚು. ಇವೆರಡರ ಅಂತರ ಪೈಸೆಗಳ ಲೆಕ್ಕ.

ಖರ್ಚಲ್ಲಿ ಸುಮಾರು ಮೂರನೇ ಒಂದು ಭಾಗ ಇಂಧನ. ಅದರ ದರ ಪ್ರತಿ ತಿಂಗಳು 1ನೇ ತಾರೀಕು ಬದಲಾಗತ್ತೆ. ವಿಮಾನದ ಬಾಡಿಗೆ ಡಾಲರಲ್ಲಿ. ರೂಪಾಯಿ ಬಿದ್ದ ತ್ರೈಮಾಸಿಕದಲ್ಲಿ ವಿನಿಮಯ ನಷ್ಟ ಎದ್ದು ಕಾಣತ್ತೆ. ಅದರಲ್ಲಿ ಹೆಚ್ಚಿನದು ಪುಸ್ತಕದ ಲೆಕ್ಕ, ಅಂದ್ರೆ ದುಡ್ಡು ಈಗಲೇ ಕೈಬಿಟ್ಟು ಹೋಗಿರಲ್ಲ, ಗಾಬರಿಯಾಗಿ ಮಾರೋದು ಬೇಡ. ಜುಲೈ-ಸೆಪ್ಟೆಂಬರ್ ಯಾವಾಗಲೂ ಡಲ್, ಹಿಂದಿನ ವರ್ಷದ ಅದೇ ಅವಧಿಗೇ ಹೋಲಿಸಿ.

ಲಾಭ? ಒಂದು ಕಂಪನಿ ಮುಚ್ಚಿದ್ರೆ ಅದರ ಪ್ರಯಾಣಿಕರು ಉಳಿದವರ ಪಾಲು. ಆದ್ರೆ ಮುಚ್ಚೋದು ನಿಮ್ಮ ಕಂಪನಿಯೇ ಆದ್ರೆ? ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ. ದಿವಾಳಿಯಾದಾಗ ಷೇರುದಾರ ಸಾಲಿನ ಕೊನೆಯವ. ಹಾಗಾಗಿ ಕೈಯಲ್ಲಿರೋ ನಗದು ಎಷ್ಟು ಅಂತ ಮೊದಲು ನೋಡಿ. ಸಂಬಳ ತಡ, ಬಾಡಿಗೆ ಬಾಕಿ ಅಂತ ಸುದ್ದಿ ಬಂದ ಕಂಪನಿ "ಅಗ್ಗಕ್ಕೆ ಸಿಗ್ತಿದೆ" ಅಂತ ಮುಟ್ಟಬೇಡಿ. ಒಟ್ಟು ಹೂಡಿಕೆಯಲ್ಲಿ ಈ ವಲಯಕ್ಕೆ ನೂರಕ್ಕೆ ಐದು ದಾಟೋದು ನನ್ನ ಮಟ್ಟಿಗೆ ಜಾಸ್ತಿ.