ಬೇರಿಯಂ ಟೈಟನೇಟ್ ಹರಳಿನ ಮಾದರಿ ಕಟ್ಟುವ ಬಗೆ

ಫೆರೋಎಲೆಕ್ಟ್ರಿಕ್ ಹರಳು (ಒಳಗೆ ಧನ, ಋಣ ವಿದ್ಯುದಂಶಗಳು ತಾವಾಗಿಯೇ ತುಸು ಬೇರ್ಪಟ್ಟಿದ್ದು, ಆ ಬೇರ್ಪಡಿಕೆಯ ದಿಕ್ಕನ್ನು ವಿದ್ಯುತ್ ಕ್ಷೇತ್ರದಿಂದ ಬದಲಿಸಬಹುದಾದ ಹರಳು) ವಿದ್ಯುತ್ತಿಗೂ ಒತ್ತಡಕ್ಕೂ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ಇಳಿಸಲು ಹೊರಟವರು ಬೇರಿಯಂ ಟೈಟನೇಟ್‌ನ ಒಂಟಿ ಹರಳಿನಿಂದ ಆರಂಭಿಸುವುದು ಒಳ್ಳೆಯದು. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಘನಾಕೃತಿಯಲ್ಲಿರುವ ಇದರ ಜಾಲಕದಲ್ಲಿ (ಪರಮಾಣುಗಳ ಕ್ರಮಬದ್ಧ ಜೋಡಣೆಯಲ್ಲಿ), ಕೋಣೆಯ ಉಷ್ಣಾಂಶಕ್ಕೆ ಬರುವಷ್ಟರಲ್ಲಿ ಒಂದು ಅಕ್ಷ ಉಳಿದೆರಡಕ್ಕಿಂತ ಸುಮಾರು ಶೇ 1.1ರಷ್ಟು ಉದ್ದವಾಗಿರುತ್ತದೆ, ಆ ಅಕ್ಷದ ಗುಂಟ ಚದರ ಮೀಟರಿಗೆ ಸುಮಾರು 0.26 ಕೂಲಂಬ್ ಧ್ರುವೀಕರಣ (ವಿದ್ಯುದಂಶಗಳ ಬೇರ್ಪಡಿಕೆಯ ಅಳತೆ) ತಾನಾಗಿಯೇ ಮೂಡಿರುತ್ತದೆ. ಮೂರು ಅಕ್ಷಗಳಿಗೆ ಎರಡೆರಡು ದಿಕ್ಕುಗಳಾದ್ದರಿಂದ ಒಟ್ಟು ಆರು ಬಗೆಯ ಡೊಮೇನ್‌ಗಳು, ಅಂದರೆ ಒಂದೇ ದಿಕ್ಕಿನ ಧ್ರುವೀಕರಣವಿರುವ ಭಾಗಗಳು, ಸಾಧ್ಯ.

ಈ ಆರು ಡೊಮೇನ್‌ಗಳು ಹರಳಿನ ಗಾತ್ರದಲ್ಲಿ ಪಡೆದಿರುವ ಪಾಲುಗಳೇ ಮಾದರಿಯ ಚರಾಂಶಗಳು. ಯಾವ ಪಾಲೂ ಸೊನ್ನೆಗಿಂತ ಕೆಳಗಿಳಿಯಬಾರದು, ಎಲ್ಲದರ ಮೊತ್ತ ಸರಿಯಾಗಿ 1 ಆಗಿರಬೇಕು. ಪಾಲುಗಳ ಸರಾಸರಿಯಿಂದ ಉಳಿಕೆ (ಕ್ಷೇತ್ರ, ಒತ್ತಡಗಳಿಲ್ಲದಾಗಲೂ ಉಳಿಯುವ) ಧ್ರುವೀಕರಣವೂ ಉಳಿಕೆ ಸ್ಟ್ರೈನ್ (ಉದ್ದದಲ್ಲಾಗುವ ಬದಲಾವಣೆಯ ಪ್ರಮಾಣ) ಕೂಡ ಸಿಗುತ್ತವೆ. ಅವಕ್ಕೆ ಸ್ಥಿತಿಸ್ಥಾಪಕ, ಡೈಎಲೆಕ್ಟ್ರಿಕ್ (ಕ್ಷೇತ್ರದಿಂದ ಧ್ರುವೀಕರಣ ಬದಲಾಗುವ) ಮತ್ತು ಪೀಜೋ (ಒತ್ತಡದಿಂದ ಧ್ರುವೀಕರಣ, ಕ್ಷೇತ್ರದಿಂದ ಆಕಾರ ಬದಲಾಗುವ) ಪರಿಣಾಮಗಳ ಸರಳರೇಖೀಯ ಭಾಗವನ್ನು ಸೇರಿಸಬೇಕು.

ಡೊಮೇನ್ ಯಾವಾಗ ಹೊರಳುತ್ತದೆ, ಅಂದರೆ ಅದರ ಧ್ರುವೀಕರಣ ಯಾವಾಗ ಬೇರೆ ದಿಕ್ಕಿಗೆ ತಿರುಗುತ್ತದೆ, ಎಂಬುದೇ ಮಾದರಿಯ ಜೀವಾಳ. ಹೊರಳುವಾಗ ವಿದ್ಯುತ್ ಕ್ಷೇತ್ರ ಮಾಡುವ ಕೆಲಸವನ್ನೂ ಒತ್ತಡ ಮಾಡುವ ಕೆಲಸವನ್ನೂ ಕೂಡಿಸಿ, ಮೊತ್ತ ನಿಗದಿತ ಮಿತಿಯನ್ನು ಮುಟ್ಟಿದರೆ ಮಾತ್ರ ಪಾಲನ್ನು ವರ್ಗಾಯಿಸಬೇಕು. 180 ಡಿಗ್ರಿ ಹೊರಳಿದಾಗ ಹರಳಿನ ಆಕಾರ ಬದಲಾಗುವುದಿಲ್ಲವಾದ್ದರಿಂದ ಒತ್ತಡಕ್ಕೆ ಅಲ್ಲಿ ನೇರವಾದ ಕೆಲಸವಿಲ್ಲ. 90 ಡಿಗ್ರಿಯ ಹೊರಳುವಿಕೆಯಲ್ಲಿ ಎರಡಕ್ಕೂ ಕೆಲಸವಿದೆ. ಹೀಗಾಗಿ ಎರಡು ಬಗೆಗೂ ಬೇರೆಬೇರೆ ಮಿತಿಗಳನ್ನು ಇಡುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಅಡ್ಡಲಾಗಿರುವ ಡೊಮೇನ್ ಒಂದನ್ನು ಮೀಟರಿಗೆ 1,00,000 ವೋಲ್ಟ್ ಕ್ಷೇತ್ರದಿಂದ ನೆಟ್ಟಗೆ, ಅಂದರೆ ಕ್ಷೇತ್ರದ ದಿಕ್ಕಿಗೆ, ನಿಲ್ಲಿಸಬೇಕಿದೆ ಎನ್ನಿ. ಕ್ಷೇತ್ರದ ಕೆಲಸ ಘನ ಮೀಟರಿಗೆ 26,000 ಜೂಲ್. ಅದೇ ದಿಕ್ಕಿನಲ್ಲಿ 1 ಮೆಗಾಪಾಸ್ಕಲ್ ಅದುಮುವ ಒತ್ತಡವಿದ್ದರೆ, ಹರಳು ಉದ್ದವಾಗುವುದನ್ನು ಅದು ತಡೆಯುವುದರಿಂದ ಸುಮಾರು 11,000 ಜೂಲ್ ಕಳೆಯಬೇಕು, ಒತ್ತಡ 2.4 ಮೆಗಾಪಾಸ್ಕಲ್ ಸಮೀಪಿಸಿದಾಗ ಎರಡೂ ಸರಿದೂಗುತ್ತವೆ. ಸ್ಥಿರ ಒತ್ತಡದಡಿ ಡೊಮೇನ್‌ಗಳನ್ನು ಅಡ್ಡ ಮಲಗಿಸಿ ಕ್ಷೇತ್ರದಿಂದ ಮತ್ತೆ ನಿಲ್ಲಿಸುವ ಪ್ರಯೋಗಗಳಲ್ಲಿ ಈ ಹರಳು ಶೇ 0.9ರ ಆಸುಪಾಸಿನ ಸ್ಟ್ರೈನ್ ತೋರಿಸಿರುವುದು ಇದೇ ಪೈಪೋಟಿಯಿಂದ.

ಪ್ರೋಗ್ರಾಂ ಬರೆಯುವಾಗ ಭಾರವನ್ನು (ಕ್ಷೇತ್ರವನ್ನೂ ಒತ್ತಡವನ್ನೂ) ಸಣ್ಣ ಸಣ್ಣ ಹಂತಗಳಲ್ಲಿ ಏರಿಸಿ, ಪ್ರತಿ ಹಂತದಲ್ಲೂ ಪಾಲುಗಳು ಸ್ಥಿರಗೊಳ್ಳುವವರೆಗೆ ಲೆಕ್ಕವನ್ನು ಪುನರಾವರ್ತಿಸಬೇಕು. ಅದುಮುವ ಒತ್ತಡವನ್ನು ಋಣಾತ್ಮಕವಾಗಿ ಹಿಡಿದರೆ ಕೊನೆಯವರೆಗೂ ಹಾಗೆಯೇ ಹಿಡಿಯಬೇಕು. ಚಿಹ್ನೆ ನಡುವೆ ತಪ್ಪಿದರೆ ಹರಳು ಒತ್ತಿದಷ್ಟೂ ಉದ್ದವಾಗುವ ಫಲಿತಾಂಶ ಬರುತ್ತದೆ. ಕೊನೆಗೆ, ಒಂದೇ ದಿಕ್ಕಿಗೆ ಧ್ರುವೀಕರಿಸಿದ ಹರಳನ್ನು ಕ್ಷೇತ್ರವಿಲ್ಲದೆ ಅದೇ ಅಕ್ಷದಲ್ಲಿ ಅದುಮಿ ನೋಡಿ: ಪಾಲು ನಾಲ್ಕು ಅಡ್ಡ ಡೊಮೇನ್‌ಗಳಿಗೆ ಸಮನಾಗಿ ಹಂಚಿಹೋಗಿ ಉಳಿಕೆ ಧ್ರುವೀಕರಣ ಸೊನ್ನೆಗೆ ಇಳಿಯಬೇಕು, ಒತ್ತಡ ತೆಗೆದ ಮೇಲೂ ಸೊನ್ನೆಯಲ್ಲೇ ನಿಲ್ಲಬೇಕು.